ಅಕ್ಕನ ಬಳೆ ಯಾರಿಗೆ?

“ನನ್ನ ಬಳೆ ನಾನು ಯಾರಿಗೆ ಬೇಕಾದ್ರೂ ಬರೆದಿಡಬಹುದೇನೇ?”

ಕಾಂಪೌಂಡ್ ಗೋಡೆಯ ಆ ಕಡೆಯಿಂದ ಅಕ್ಕ ಹೀಗೆ ಕೇಳಿದರು. ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು, ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಹಾಗಾಗಿ ಬೀದಿಯ ಹೆಂಗಸರ ಎಫ್‌ಡಿ, ಪಿಂಚಣಿ, ಲಾಕರ್, ನಾಮಿನೇಷನ್ ಸಮಾಚಾರವೆಲ್ಲ ಈ ಗೋಡೆಗೆ ಬಂದೇ ಬರುತ್ತದೆ. ನುಗ್ಗೆಕಾಯಿ ಆ ಕಡೆ ಹೋಗುತ್ತದೆ, ಹೆರಳೇಕಾಯಿ ಈ ಕಡೆ ಬರುತ್ತದೆ, ನಡುವೆ ಇಂಥ ಮಾತು.

“ಯಾರಿಗೆ ಅಂತಿದೀರಿ ಅಕ್ಕ? ಸೊಸೆಗಾ?”

“ಸೊಸೆಗೆ ಸರ ಕೊಟ್ಟಾಗಿದೆ. ಈ ಬಳೆ ಎದೆ ಕ್ಯಾನ್ಸರ್ ಆದ ಹೆಂಗಸರಿಗೆ ಹೋಗಬೇಕು ಕಣೇ. ಭಜನೆಗೆ ಬರ್ತಿದ್ದಳಲ್ಲ, ನನ್ನ ಪಕ್ಕ ಕೂತು ತಾಳ ಹಾಕ್ತಿದ್ದಳು, ಅವಳು ಹೋದಾಗಿನಿಂದ ಅದೇ ತಲೇಲಿದೆ.”

ಆಕೆ ನನಗೂ ಪರಿಚಯ. ಸ್ನಾನದ ಹೊತ್ತಿನಲ್ಲಿ ಗಂಟು ಕೈಗೆ ಸಿಕ್ಕಿತ್ತಂತೆ. ಮೊಮ್ಮಗನ ಉಪನಯನ ಮುಗಿಯಲಿ ಅಂದರು, ಆಮೇಲೆ ಗೌರಿ ಹಬ್ಬ ಮುಗಿಯಲಿ ಅಂದರು. ನೋವಿರಲಿಲ್ಲ, ಅದಕ್ಕೇ ಸುಮ್ಮನಿದ್ದರು. ಈ ಕಾಯಿಲೆಯ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ ಎನ್ನುವುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡುವುದಿಲ್ಲ. ಮನೆಯಲ್ಲಿ ಆ ಅಂಗದ ಹೆಸರು ಹೇಳುವುದಕ್ಕೇ ಸಂಕೋಚ.

ಅಕ್ಕನ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ಬರೆದಿಡಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಂಗಸಿನ ಕೈಗೆ ಬಂದ ಆಸ್ತಿಗೆ ಅವಳೇ ಪೂರ್ತಿ ಒಡತಿ. ಮದುವೆಯಲ್ಲಿ ತವರಿನವರು ಹಾಕಿದ ಚಿನ್ನ, ಸಂಬಳದಲ್ಲಿ ಕೂಡಿಸಿದ ಎಫ್‌ಡಿ, ತಾಯಿಯಿಂದ ಬಂದ ಸೈಟು, ಎಲ್ಲ ಅವಳದ್ದೇ. ಗಂಡನ ಸಹಿ ಬೇಡ, ಮಗನ ಒಪ್ಪಿಗೆ ಬೇಡ. ಹೀಗಂದರೆ ಅಕ್ಕ ನಂಬಲಿಲ್ಲ. ಲೆಕ್ಕ ಹೇಳಿಕೊಟ್ಟ ಟೀಚರು, ಮನೆ ಕಟ್ಟಿಸಿದಾಗ ಅರ್ಧ ಸಾಲ ತೀರಿಸಿದವರು, ತಮ್ಮ ಕೈಬಳೆಗೆ ತಾವೇ ಯಜಮಾನರೇ ಎಂದು ಈ ವಯಸ್ಸಿನಲ್ಲಿ ಕೇಳುತ್ತಾರಲ್ಲ ಎಂದು ನನಗೆ ಸಂಕಟವಾಯಿತು.

“ವಿಲ್ಲು ಗಂಡಸರು ಬರೆಯೋದು ಅಲ್ವಾ? ಆಸ್ತಿ ಅನ್ನೋ ಅಷ್ಟು ನನ್ನ ಹತ್ರ ಏನಿದೆ?”

ಇದೇ ಮಾತನ್ನು ಬ್ಯಾಂಕಿನ ಕೌಂಟರಿನಲ್ಲಿ ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೋ. ಬರೆಯದೆ ಹೋದರೆ ಏನಾಗುತ್ತದೆ ಎನ್ನುವುದನ್ನೂ ಅಲ್ಲೇ ಕಂಡಿದ್ದೇನೆ. ಗಂಡ ತೀರಿಹೋಗಿ, ಮಕ್ಕಳೂ ಇಲ್ಲದ ಹಿಂದೂ ಹೆಂಗಸು ವಿಲ್ ಬರೆಯದೆ ಸತ್ತರೆ, ಅವಳು ಸ್ವಂತ ದುಡಿದದ್ದು ಮೊದಲು ಹೋಗುವುದು ಗಂಡನ ಕಡೆಯ ವಾರಸುದಾರರಿಗೆ. ಹೆತ್ತ ತಾಯಿ ಬದುಕಿದ್ದರೂ ಆಕೆಯ ಸರದಿ ಅವರ ಹಿಂದೆ. ಅದೇ ಕಾಯ್ದೆಯ 15ನೇ ಕಲಮು ಹಾಗೆ ಹೇಳುತ್ತದೆ. 2025ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದೇ ವಿಷಯದಲ್ಲಿ ದೇಶದ ಹೆಂಗಸರಿಗೆ, ಅದರಲ್ಲೂ ಹಿಂದೂ ಹೆಂಗಸರಿಗೆ, ತಡಮಾಡದೆ ವಿಲ್ ಬರೆಯಿರಿ ಎಂದು ಮನವಿ ಮಾಡಿತು. ದೇಶದ ದೊಡ್ಡ ನ್ಯಾಯಾಲಯವೇ ಮನೆಯ ಹಿರಿಯಕ್ಕನ ಹಾಗೆ ಬುದ್ಧಿ ಹೇಳಿದೆ. ನಾವು ಕೇಳಬೇಡವೇ?

“ನಾಮಿನಿ ಹಾಕಿದೀನಲ್ಲ, ಸಾಕಲ್ವಾ?”

“ಸಾಲದು ಅಕ್ಕ. ನಾಮಿನಿ ಅಂದ್ರೆ ದುಡ್ಡು ಈಸ್ಕೊಳ್ಳೋರು ಅಷ್ಟೇ. ಅದು ಯಾರಿಗೆ ಸೇರಬೇಕು ಅನ್ನೋದು ವಿಲ್ಲಿಂದ ತೀರ್ಮಾನ ಆಗೋದು, ವಿಲ್ ಇಲ್ಲದಿದ್ರೆ ಕಾನೂನಿಂದ.” ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಆದರೂ ನಾಮಿನಿಯೇ ಮಾಲೀಕ ಎಂಬ ನಂಬಿಕೆ ನಮ್ಮ ಜನರಲ್ಲಿ ಹೋಗಿಲ್ಲ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಸರ್ಕಾರವೇ ಕಾರ್ಡ್ ಕೊಡುತ್ತಲ್ಲ, ಐದು ಲಕ್ಷದ್ದು. ನನ್ನ ಎರಡು ಬಳೆ ಯಾವ ಮೂಲೆಗೆ?” ಅಂದರು.

ಕಾರ್ಡು ಇದೆ, ನಿಜ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಅದು ಬಂದ ಮೇಲೆ ಎಷ್ಟೋ ಹೆಂಗಸರು ಆಪರೇಷನ್ ಟೇಬಲ್ಲಿನವರೆಗೆ ತಲುಪುವಂತಾಗಿದೆ. ಆದರೆ ಕ್ಯಾನ್ಸರ್ ಚಿಕಿತ್ಸೆ ಆಸ್ಪತ್ರೆಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಹೆಗ್ಗಡದೇವನಕೋಟೆಯ ಕಡೆಯ ಕೂಲಿ ಹೆಂಗಸೊಬ್ಬಳನ್ನು ನೆನೆಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು. ಬಸ್ಸು ಅವಳಿಗೆ ಉಚಿತ, ಜೊತೆಗೆ ಬರುವ ಗಂಡನಿಗೆ ಟಿಕೆಟ್ಟು. ಅವಳಿಗೂ ಕೂಲಿ ಇಲ್ಲ, ಅವನಿಗೂ ಕೂಲಿ ಇಲ್ಲ. ಕೀಮೋ ಅಂದರೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಹೀಗೆ ಆರೆಂಟು ಸಲ. ಆಮೇಲೆ ರೇಡಿಯೇಷನ್: ವಾರಕ್ಕೆ ಐದು ದಿನ, ಮೂರರಿಂದ ಐದು ವಾರ. ದಿನವೂ ಹೋಗಿ ಬರಲಾಗದು, ಬೆಂಗಳೂರಲ್ಲೇ ತಂಗಬೇಕು. ಎಲ್ಲಿ ಮಲಗುವುದು? ಏನು ತಿನ್ನುವುದು? ಊರಿನಲ್ಲಿ ಮಗಳನ್ನು ಯಾರ ಮನೆಯಲ್ಲಿ ಬಿಡುವುದು? ಮೂರನೇ ಕೀಮೋಗೆ ಬಂದು ನಾಲ್ಕನೆಯದಕ್ಕೆ ಬಾರದೆ ಉಳಿದ ಹೆಂಗಸರನ್ನು ಕೇಳಿದರೆ ಔಷಧದ ಖರ್ಚಿಗಿಂತ ಈ ಖರ್ಚುಗಳನ್ನೇ ಹೇಳುತ್ತಾರೆ.

ಇನ್ನು ಕೆಲವು ಇವೆ, ಗಂಡಸರ ಎದುರು ಹೇಳಿಕೊಳ್ಳಲಾಗದಂಥವು. ಸ್ತನ ತೆಗೆದ ಮೇಲೆ ರವಿಕೆ ಒಂದು ಕಡೆ ಜೋತು ಬೀಳುತ್ತದೆ. ಸಿಲಿಕೋನ್ ಸ್ತನ ಕೊಳ್ಳಲು ಸಾವಿರಾರು ರೂಪಾಯಿ ಬೇಕು. ಹತ್ತಿ ನೂಲಿನಲ್ಲಿ ಹೆಣೆದು ಒಳಗೆ ಮೆತ್ತೆ ತುಂಬಿದ್ದನ್ನು ಸ್ವಯಂಸೇವಕಿಯರು ಬಡ ಹೆಂಗಸರಿಗೆ ಉಚಿತವಾಗಿ ಕೊಡುತ್ತಾರೆ. ಕಂಕುಳ ಗ್ರಂಥಿ ತೆಗೆದ ಕೆಲವರಿಗೆ ಮುಂದೆ ಆ ಕೈ ಊದಿಕೊಳ್ಳುತ್ತದೆ. ಅದಕ್ಕೆ ಬಿಗಿಯಾದ ತೋಳುಪಟ್ಟಿ ಬೇಕು, ಅದನ್ನು ಆಗಾಗ ಬದಲಿಸಬೇಕು, ವ್ಯಾಯಾಮ ಹೇಳಿಕೊಡುವವರು ಬೇಕು. ಊದಿದ ಕೈಯಲ್ಲಿ ರಾಗಿ ಕಳೆ ಕೀಳುವುದು ಹೇಗೆ? ಕಾರ್ಡಿನ ಪಟ್ಟಿಯಾಚೆ ಉಳಿಯುವ ಇಂಥ ಅಗತ್ಯಗಳನ್ನು ಪೂರೈಸುವವರು ಸೇವಾ ಸಂಸ್ಥೆಯವರೇ. ಕಿದ್ವಾಯಿಯ ಬಳಿ ರೋಗಿಗಳ ಕಡೆಯವರು ತಂಗಲು ಧರ್ಮಶಾಲೆ ಎದ್ದದ್ದು ದಾನದಿಂದ. ಇನ್ನು ಗುಣವಾಗದು ಎಂದು ಡಾಕ್ಟರು ಕೈಚೆಲ್ಲಿದವರಿಗೆ ಕೊನೆಯ ದಿನಗಳಲ್ಲಿ ನೋವು ಇಳಿಸಿ, ಗಾಯ ತೊಳೆದು, ಮೈ ಒರೆಸಿ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯ 1999ರಿಂದ ಒಂದು ರೂಪಾಯಿಯನ್ನೂ ಕೇಳದೆ ಆ ಕೆಲಸ ಮಾಡುತ್ತ ಬಂದಿದೆ. ಅದೂ ದಾನದಿಂದಲೇ ನಡೆಯುವುದು.

ಎಷ್ಟು ಜನರಿಗೆ ಈ ಕಾಯಿಲೆ ಎಂದು ಅಕ್ಕ ಕೇಳಿದರು. ಅಂಕಿ ಕೇಳದೆ ಅವರಿಗೆ ಯಾವುದೂ ರುಚಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಆದವರು ಸುಮಾರು 1 ಲಕ್ಷ 92 ಸಾವಿರ, ಸತ್ತವರು ಸುಮಾರು 98 ಸಾವಿರ. ಭಾರತದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸುವ ಕ್ಯಾನ್ಸರ್ ಇದೇ. ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ನಮ್ಮವರಿಗೆ ಬರುತ್ತದೆ. ಮಕ್ಕಳು ಇನ್ನೂ ಶಾಲೆಗೆ ಹೋಗುವ ವಯಸ್ಸಿನ ತಾಯಂದಿರಿಗೆ.

“ಇಷ್ಟು ದೊಡ್ಡ ಹೊಳೆಗೆ ನನ್ನ ಬಳೆ...” ಎಂದು ಅಕ್ಕ ಮತ್ತೆ ಶುರುಮಾಡಿದರು. ಆಗ ನಾನು ಮೆಹರ್‌ಬಾಯಿಯ ಕಥೆ ತೆಗೆದೆ.

ಮೆಹರ್‌ಬಾಯಿ ನಮ್ಮೂರಿಗೆ ಪರಕೀಯಳಲ್ಲ. ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ಅಣುವಿಜ್ಞಾನಿ ಹೋಮಿ ಭಾಭಾರಿಗೆ ಅಜ್ಜ. ಹುಡುಗಿ ಓದಿದ್ದು, ಬೆಳೆದದ್ದು ಬೆಂಗಳೂರು, ಮೈಸೂರಿನಲ್ಲಿ. ಜಮ್‌ಶೆಟ್‌ಜಿ ಟಾಟಾ ತಮ್ಮ ಹಿರಿಯ ಮಗ ದೊರಾಬ್‌ಜಿಗೆ, ಮೈಸೂರಿಗೆ ಹೋದಾಗ ಭಾಭಾ ಅವರ ಮನೆಗೆ ಹೋಗಿ ಬಾ ಅಂದಿದ್ದರು. ಹೋಗಿ ಬಂದದ್ದು 1898ರಲ್ಲಿ ಮದುವೆಯಾಗಿ ಮುಗಿಯಿತು. ಮೆಹರ್‌ಬಾಯಿ ಸೀರೆಯುಟ್ಟು ಟೆನಿಸ್ ಆಡಿದವರು, ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆಯ ಪರವಾಗಿ ದನಿ ಎತ್ತಿದವರು.

ದೊರಾಬ್‌ಜಿ ಹೆಂಡತಿಗಾಗಿ ಲಂಡನ್ನಿನಲ್ಲಿ ಕೊಂಡ ವಜ್ರ ಜ್ಯೂಬಿಲಿ. 245 ಕ್ಯಾರೆಟ್ಟು, ಈಗಿನ ಕೊಹಿನೂರ್‌ಗಿಂತ ಎರಡು ಪಟ್ಟು ದೊಡ್ಡದು. 1924ರಲ್ಲಿ ಟಾಟಾ ಉಕ್ಕಿನ ಕಾರ್ಖಾನೆ ಮುಳುಗುವ ಸ್ಥಿತಿಗೆ ಬಂದು ಸಂಬಳಕ್ಕೂ ದುಡ್ಡಿಲ್ಲದಾದಾಗ ಗಂಡ ಹೆಂಡತಿ ತಮ್ಮ ಸ್ವಂತ ಆಸ್ತಿಯನ್ನು, ಈ ವಜ್ರವನ್ನೂ ಸೇರಿಸಿ, ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದರು. ಕಾರ್ಖಾನೆ ಉಳಿಯಿತು, ವಜ್ರ ಬಿಡಿಸಿಕೊಂಡರು.

1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ನಮ್ಮ ದೇಶದಲ್ಲಿ ಕ್ಯಾನ್ಸರಿಗೆಂದೇ ಕಟ್ಟಿದ ದೊಡ್ಡ ಆಸ್ಪತ್ರೆ ಇರಲಿಲ್ಲ. ಉಳ್ಳವರು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದರು. ಇಂಥ ಚಿಕಿತ್ಸೆ ಇಲ್ಲೇ ಸಿಗಬೇಕು, ರೇಡಿಯಂ ತರಿಸಬೇಕು ಎಂಬುದು ದೊರಾಬ್‌ಜಿಯ ಆಸೆ. ಮಕ್ಕಳಿರಲಿಲ್ಲ. ಮರುವರ್ಷ, ಸಾಯುವ ಕೆಲವೇ ತಿಂಗಳ ಮುಂಚೆ, ತಮ್ಮ ಸಂಪತ್ತನ್ನೂ ಹೆಂಡತಿಯ ಒಡವೆಗಳನ್ನೂ ಟ್ರಸ್ಟಿಗೆ ಬರೆದುಕೊಟ್ಟರು.

“ಅದು ವಿಲ್ಲೋ?” ಅಕ್ಕ ಹಿಡಿದರು.

“ಅಣ್ಣನದು ಟ್ರಸ್ಟ್ ಪತ್ರ ಅಕ್ಕ. ತಮ್ಮ ರತನ್‌ಜಿ ಟಾಟಾದು ವಿಲ್. ಅವರು 1918ರಲ್ಲಿ ಹೋದ್ರು, ಮರುವರ್ಷ ಅವರ ವಿಲ್ಲಿಂದ ಟ್ರಸ್ಟ್ ಆಯ್ತು.”

ದಾರಿ ಎರಡಾದರೂ ಫಲ ಒಂದೇ: ಬರೆದಿಟ್ಟವರು ಹೋದ ಮೇಲೂ ಹಣ ಕೆಲಸಕ್ಕೆ ಬಂತು. ಜ್ಯೂಬಿಲಿ ವಜ್ರ 1937ರಲ್ಲಿ ಮಾರಾಟವಾಯಿತು. 1941ರ ಫೆಬ್ರವರಿ 28ರಂದು ಮುಂಬಯಿಯ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆಯಿತು. ಈಗ ಅದು ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಅಡಿಯಲ್ಲಿದೆ, ಬಡವರಿಗೆ ಉಚಿತವಾಗಿಯೋ ಅತಿ ಕಡಿಮೆ ಖರ್ಚಿನಲ್ಲೋ ಚಿಕಿತ್ಸೆ ಕೊಡುತ್ತಿದೆ. ಬೆಳಗಾವಿ, ಕಲಬುರಗಿ ಕಡೆಯ ಎಷ್ಟೋ ಮನೆಗಳಿಗೆ ಅದರ ದಾರಿ ಗೊತ್ತು.

ಆ ಆಸ್ಪತ್ರೆಯಿಂದ ಸ್ತನ ಕ್ಯಾನ್ಸರಿನ ವಿಷಯದಲ್ಲಿ ಬಂದ ಎರಡು ಸಂಗತಿ ಹೇಳಲೇಬೇಕು. ಒಂದನೆಯದು: 1998ರಿಂದ ಮುಂಬಯಿಯ ಸ್ಲಮ್ಮುಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ದೊಡ್ಡ ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. ಮ್ಯಾಮೊಗ್ರಾಮ್ ಯಂತ್ರ ಇಲ್ಲ, ಸ್ಕ್ಯಾನಿಂಗ್ ಇಲ್ಲ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: ಐವತ್ತು ದಾಟಿದ ಹೆಂಗಸರಲ್ಲಿ ಈ ಕಾಯಿಲೆಯ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗಿತ್ತು. ತಿಳಿದ ಕೈ ಸಾಕಾಗಿತ್ತು ಎನ್ನುವುದನ್ನು ಕೇಳಿ ಅಕ್ಕನ ಕಣ್ಣಲ್ಲಿ ನೀರು ಬಂತು. ಭಜನೆಯ ಗೆಳತಿಯೇ ನೆನಪಾಗಿರಬೇಕು.

ಎರಡನೆಯದು ಇನ್ನೂ ಸರಳ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಲಿಡೋಕೇನ್ ಇದೆಯಲ್ಲ, ಅದನ್ನು ಆಪರೇಷನ್ನಿಗೆ ಕೆಲವು ನಿಮಿಷ ಮೊದಲು ಸ್ತನದ ಗಡ್ಡೆಯ ಸುತ್ತ ಚುಚ್ಚಿ ನೋಡಿದರು. ದೇಶದ 11 ಕ್ಯಾನ್ಸರ್ ಕೇಂದ್ರಗಳಲ್ಲಿ 1,600 ಹೆಂಗಸರ ಮೇಲೆ ಡಾ. ರಾಜೇಂದ್ರ ಬಡ್ವೆಯವರ ತಂಡ ನಡೆಸಿದ ಅಧ್ಯಯನ ಅದು. ಐದು ವರ್ಷದ ನಂತರ ನೋಡಿದರೆ, ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 90 ಮಂದಿ ಬದುಕಿದ್ದರು, ಪಡೆಯದವರಲ್ಲಿ 86. ಮದ್ದಿನ ಬೆಲೆ ನೂರು ರೂಪಾಯಿಯೂ ಆಗದು. ಇಂಥ ಅಗ್ಗದ ಔಷಧಿಯನ್ನು ಹನ್ನೊಂದು ಕಡೆ, ವರ್ಷಗಟ್ಟಲೆ ಪರೀಕ್ಷಿಸಲು ಯಾವ ಕಂಪನಿ ದುಡ್ಡು ಹಾಕೀತು? ಅದರಲ್ಲಿ ಲಾಭವಿಲ್ಲ. ಲಾಭ ಕಾಯದ ಹಣ ಬೇಕು: ಸರ್ಕಾರದ್ದು, ಇಲ್ಲವೇ ದಾನದ್ದು. ಉಯಿಲಿನಲ್ಲಿ ಬಂದ ಹಣಕ್ಕೆ ಯಾವ ಅವಸರವೂ ಇಲ್ಲ ಎನ್ನುವುದೇ ಅದರ ದೊಡ್ಡ ಗುಣ ಎಂದು ನನ್ನ ನಂಬಿಕೆ.

“ವಜ್ರ ಇದ್ದೋರು ಆಸ್ಪತ್ರೆ ಕಟ್ಟಿಸಿದ್ರು. ನಾನು?”

ಅದಕ್ಕೂ ಉತ್ತರ ಇದೆ. ಮದ್ರಾಸಿನಲ್ಲಿ ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ, ಹೆಂಗಸರ ಸಂಘದ ನಿಧಿಯಿಂದ, ಊರವರ ಚಂದಾದಿಂದ 1954ರಲ್ಲಿ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಶುರುಮಾಡಿದರು, ಹನ್ನೆರಡು ಹಾಸಿಗೆಯಿಂದ. ಅಲ್ಲಿ ಬದುಕಿಡೀ ದುಡಿದ ಡಾ. ವಿ. ಶಾಂತಾ ಅವರಿಗೆ 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವಜ್ರ ಯಾರ ಹತ್ತಿರವೂ ಇರಲಿಲ್ಲ.

ಅಲ್ಲಿಂದ ಅಕ್ಕ ಹೇಗೆ ಬರೆಯುವುದು ಎನ್ನುವುದಕ್ಕೆ ಇಳಿದರು. ಛಾಪಾ ಕಾಗದ ಬೇಕಾ? ಬೇಡ, ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೆಯಬಹುದು. ಬರೆದವರು ಸಹಿ ಹಾಕಬೇಕು, ಅದನ್ನು ನೋಡಿದ ಇಬ್ಬರು ಸಾಕ್ಷಿಗಳು ಬರೆದವರ ಎದುರಲ್ಲೇ ಸಹಿ ಹಾಕಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಅಷ್ಟು. ಸಾಕ್ಷಿಗಳು ನಮಗಿಂತ ಚಿಕ್ಕ ವಯಸ್ಸಿನವರಿರಲಿ, ವಿಲ್ಲಿನಲ್ಲಿ ಪಾಲು ಇಲ್ಲದವರಿರಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂಬ ಕಡ್ಡಾಯ ಇಲ್ಲ. ನನ್ನನ್ನು ಕೇಳಿದರೆ ನೋಂದಾಯಿಸಿ ಎಂದೇ ಹೇಳುತ್ತೇನೆ, ವಯಸ್ಸಾದವರಾದರೆ ಬುದ್ಧಿ ಸ್ವಸ್ಥವಾಗಿದೆ ಎಂದು ಡಾಕ್ಟರಿಂದ ಒಂದು ಚೀಟಿಯನ್ನೂ ಪಡೆಯಿರಿ. ನಡೆಸಿಕೊಡುವವರು ಒಬ್ಬರನ್ನು, ಎಕ್ಸಿಕ್ಯೂಟರ್ ಅನ್ನುತ್ತಾರಲ್ಲ, ಅವರನ್ನು ಹೆಸರಿಸಿ. ಬಳೆ ಮಾರಿ, ರಸೀದಿ ಇಟ್ಟುಕೊಂಡು, ಚೆಕ್ಕು ತಲುಪಿಸುವ ಕೆಲಸ ಅವರದು.

“ಒಂದು ಲಕ್ಷ ಅಂತ ಬರೆದುಬಿಡ್ಲಾ? ಬಳೆ ಗಿಳೆ ಗೋಜಲು ಬೇಡ.”

“ನೀವೇ ಲೆಕ್ಕ ಹಾಕಿ ಅಕ್ಕ. ವರ್ಷಕ್ಕೆ ನೂರಕ್ಕೆ ಆರರ ಹಾಗೆ ಬೆಲೆ ಏರಿದ್ರೆ ಇಪ್ಪತ್ತು ವರ್ಷಕ್ಕೆ ಆ ಲಕ್ಷಕ್ಕೆ ಏನು ಬರುತ್ತೆ?”

ಅಕ್ಕ ಗೋಡೆಯ ಮೇಲೆ ಬೆರಳಲ್ಲೇ ಗೀಚಿ, “ಇವತ್ತಿನ ಮೂವತ್ತೊಂದು ಸಾವಿರದ ಸಾಮಾನು” ಅಂದರು. ಆದ್ದರಿಂದ ಗೊತ್ತಾದ ಮೊತ್ತಕ್ಕಿಂತ ಪಾಲು ಬರೆಯುವುದು ಮೇಲು: ಸಾಲ, ಉತ್ತರಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ನೂರಕ್ಕೆ ಐದು, ಇಲ್ಲವೇ ಹತ್ತು. ಒಡವೆಯನ್ನೇ ಬರೆದರೆ ಇನ್ನೊಂದು ತೊಡಕಿದೆ. ಇಂಥ ಬಳೆ ಎಂದು ಬರೆದು, ನಡುವೆ ಅದನ್ನು ಮಾರಿದ್ದರೆ ಆ ಕೊಡುಗೆ ಅಲ್ಲಿಗೇ ಬಿದ್ದುಹೋಗುತ್ತದೆ. ಬಳೆ ಇಲ್ಲದಿದ್ದರೆ ಬದಲಿಗೆ ಇಂತಿಷ್ಟು ಪಾಲು ಎಂದು ಒಂದು ಸಾಲು ಸೇರಿಸಬೇಕು.

ಸಂಸ್ಥೆಯ ಹೆಸರು ಅತಿ ಮುಖ್ಯ. ಕ್ಯಾನ್ಸರ್ ಆಸ್ಪತ್ರೆಗೆ ಎಂದಷ್ಟೇ ಬರೆದರೆ ಯಾವ ಆಸ್ಪತ್ರೆ? ನೋಂದಾಯಿತ ಪೂರ್ತಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಬೇಕು. ಆ ಸಂಸ್ಥೆ ಮುಂದೊಮ್ಮೆ ಮುಚ್ಚಿದರೆ ಅಥವಾ ಬೇರೆಯದರ ಜೊತೆ ಸೇರಿಹೋದರೆ, ಅದೇ ಕೆಲಸ ಮಾಡುವ ಇನ್ನೊಂದಕ್ಕೆ ಹೋಗಲಿ ಎಂದೂ ಬರೆಯಬೇಕು. ಉದ್ದೇಶವನ್ನು ತೀರ ಬಿಗಿಯಾಗಿ ಬರೆಯಬಾರದು. ದೊರಾಬ್‌ಜಿ ರೇಡಿಯಂ ಕೊಳ್ಳಲು ಮಾತ್ರ ಎಂದು ಬರೆದಿಟ್ಟಿದ್ದರೆ ಇವತ್ತು ಆ ಹಣ ಯಾರಿಗೂ ಬೇಡವಾಗುತ್ತಿತ್ತು. ರೇಡಿಯಂ ಚಿಕಿತ್ಸೆಯ ಕಾಲ ಮುಗಿದಿದೆ. ಸ್ತನ ಕ್ಯಾನ್ಸರ್ ಆದ ಬಡ ಹೆಂಗಸರ ಚಿಕಿತ್ಸೆಗೆ, ಆರೈಕೆಗೆ ಎಂದರೆ ಮುಂದೆ ಬರುವ ವೈದ್ಯರಿಗೆ ಕೈ ಸಡಿಲ ಇರುತ್ತದೆ.

ಮುಸ್ಲಿಂ ಸೋದರಿಯರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗದವರೆಗೆ ಹೀಗೆ ಬರೆಯಬಹುದು. ಹತ್ತಿರದ ಬಂಧುಗಳಿದ್ದ ಕ್ರೈಸ್ತರು ಧರ್ಮಕಾರ್ಯಕ್ಕೆ ಬರೆಯಬೇಕಾದರೆ, ಸಾಯುವುದಕ್ಕೆ ಒಂದು ವರ್ಷ ಮೊದಲೇ ಬರೆದಿರಬೇಕು ಎಂಬ ಹಳೆಯ ಕಟ್ಟುಪಾಡಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಅಕ್ಕನಿಗೆ ಇದ್ದ ಇನ್ನೊಂದು ಭಯ ಎಲ್ಲ ಹಿರಿಯರದ್ದೂ ಹೌದು: ನಾಳೆ ನನಗೇ ಕಾಯಿಲೆ ಬಂದರೆ? ವಿಲ್ಲಿನ ಚೆಂದ ಇರುವುದು ಅಲ್ಲೇ. ನಾವು ಬದುಕಿರುವಷ್ಟು ದಿನ ಅದು ಬರೀ ಕಾಗದ. ಬಳೆ ಕೈಯಲ್ಲೇ ಇರುತ್ತದೆ, ಬೇಕಾದರೆ ಮಾರಬಹುದು, ಮನಸ್ಸು ಬದಲಾದರೆ ಇನ್ನೊಂದು ಬರೆಯಬಹುದು, ಕೊನೆಯದೇ ಊರ್ಜಿತ. ದಾನಪತ್ರ ಹಾಗಲ್ಲ, ಬರೆದುಕೊಟ್ಟ ದಿನವೇ ಆಸ್ತಿ ಕೈಬಿಡುತ್ತದೆ. ಮಕ್ಕಳ ಪ್ರೀತಿ ನಂಬಿ ದಾನಪತ್ರ ಬರೆದು ಮುಪ್ಪಿನಲ್ಲಿ ಕೈ ಬರಿದಾದವರನ್ನು ಕೌಂಟರಿನಲ್ಲಿ ಕಂಡಿದ್ದೇನೆ. ಬದುಕಿರುವವರೆಗೆ ತನ್ನದು ತನ್ನ ಬಳಿಯೇ ಇರಲಿ.

ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಇದು ಸಾಮಾನ್ಯ ಸಂಗತಿಯಂತೆ. ಕ್ಯಾನ್ಸರ್ ರಿಸರ್ಚ್ ಯುಕೆಯ ಆದಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರ ಉಯಿಲುಗಳಿಂದಲೇ ಬರುತ್ತದೆ. ಸ್ತನ ಕ್ಯಾನ್ಸರಿಗೆಂದೇ ಬ್ರೆಸ್ಟ್ ಕ್ಯಾನ್ಸರ್ ನೌ ಎಂಬ ಸಂಸ್ಥೆ ಇದೆ. ಹಳೆಯ ಮೂರು ಸಂಸ್ಥೆಗಳು 2015ರಲ್ಲಿ, 2019ರಲ್ಲಿ ಕೂಡಿ ಆದದ್ದು. ಹಳೆಯ ಹೆಸರಿಗೆ ಬರೆದಿಟ್ಟವರ ಹಣ ಹೊಸದಕ್ಕೆ ಹೋಗಬೇಕಲ್ಲ, ಸೇರಿಹೋದರೆ ಏನು ಎಂಬ ಸಾಲು ಬೇಕೆಂದದ್ದು ಅದಕ್ಕೇ. ಅಲ್ಲಿ ಸತ್ತವರ ಆಸ್ತಿಗೆ ಒಂದು ಮಿತಿಯಾಚೆ ನೂರಕ್ಕೆ 40 ತೆರಿಗೆ. ಸೇವಾ ಸಂಸ್ಥೆಗೆ ಬರೆದದ್ದಕ್ಕೆ ತೆರಿಗೆ ಇಲ್ಲ, ತೆರಿಗೆಗೆ ಒಳಪಡುವ ಆಸ್ತಿಯ ಹತ್ತನೇ ಒಂದು ಭಾಗ ಬರೆದರೆ ಉಳಿದದ್ದರ ತೆರಿಗೆಯೂ 36ಕ್ಕೆ ಇಳಿಯುತ್ತದೆ. ಅಲ್ಲಿ ನೆಲೆಸಿದ ನಮ್ಮವರು ಇದನ್ನು ತಿಳಿದಿರಬೇಕು. ನಮ್ಮಲ್ಲಿ 1985ರಲ್ಲೇ ಆ ತೆರಿಗೆ ಹೋಯಿತು. ಹೀಗಾಗಿ ಇಲ್ಲಿ ಉಯಿಲಿನಲ್ಲಿ ಕೊಡುವವರಿಗೆ ತೆರಿಗೆಯ ಲಾಭ ಇಲ್ಲ. ಕೊಡಬೇಕೆಂಬ ಮನಸ್ಸಿನಿಂದಲೇ ಕೊಡಬೇಕು.

ಮಕ್ಕಳು ಬೇಸರಪಟ್ಟುಕೊಂಡಾರು ಎನ್ನುವವರಿಗೆ ನನ್ನ ಮಾತು ನೇರ. ಓದಿಸಿ, ಮದುವೆ ಮಾಡಿ, ಮನೆ ಬಿಟ್ಟುಹೋಗುವ ತಾಯಿ ನೂರರಲ್ಲಿ ಐದನ್ನು ಕಾಣದ ಹೆಂಗಸರಿಗೆ ಕೊಟ್ಟರೆ ಮಕ್ಕಳಿಗೆ ಅನ್ಯಾಯವಾಗುವುದಿಲ್ಲ. ಆದರೆ ಬದುಕಿರುವಾಗಲೇ ಅವರಿಗೆ ಹೇಳಿ. ಹದಿಮೂರನೇ ದಿನ ಬೀರುವಿನಿಂದ ಕಾಗದ ತೆಗೆದು ಓದಿಸಿಕೊಂಡರೆ ಮನಸ್ಸು ಕೆಡುತ್ತದೆ, ಕೋರ್ಟಿಗೂ ಹೋಗುತ್ತದೆ. ಯಾಕೆ ಕೊಡುತ್ತಿದ್ದೇನೆ ಎಂದು ಬಾಯಾರೆ ಹೇಳಿದರೆ ಬಹಳಷ್ಟು ಮಕ್ಕಳು ಹೆಮ್ಮೆಪಡುತ್ತಾರೆ. ಅಕ್ಕ ಅವತ್ತು ರಾತ್ರಿಯೇ ಮಗಳಿಗೆ ಫೋನು ಮಾಡಿದರು. ನನ್ನ ಪಾಲಿನಿಂದಲೂ ನೂರಕ್ಕೆ ಐದು ಸೇರಿಸಿ ಬರೆಯಮ್ಮಾ ಅಂದಳಂತೆ.

ಕ್ಯಾನ್ಸರ್ ಸೇವಾ ಸಂಸ್ಥೆ ನಡೆಸುವವರಲ್ಲಿ ಒಂದು ಕೋರಿಕೆ. ಉಯಿಲಿನಲ್ಲಿ ಕೊಡಬಯಸುವವರು ಏನು ಬರೆಯಬೇಕು ಎನ್ನುವ ಎರಡು ಸಾಲನ್ನು, ನಿಮ್ಮ ಸಂಸ್ಥೆಯ ನೋಂದಾಯಿತ ಹೆಸರು, ಸಂಖ್ಯೆ ಸಮೇತ, ಕನ್ನಡದಲ್ಲಿ ಅಚ್ಚುಹಾಕಿಸಿ ಗೋಡೆಗೆ ಅಂಟಿಸಿ. ನೋಡಿ ಬರೆದುಕೊಳ್ಳುವ ಹೆಂಗಸರು ಇದ್ದಾರೆ. ಓದುತ್ತಿರುವ ತಾಯಂದಿರೇ, ನೀವೂ ಈ ತಿಂಗಳು ಮುಗಿಯುವುದರೊಳಗೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮಕ್ಕಳ ಪಾಲು ಬರೆಯಿರಿ, ಕೆಳಗೆ ಆ ಹೆಂಗಸರ ಪಾಲನ್ನೂ ಬರೆಯಿರಿ, ಇಬ್ಬರು ಸಾಕ್ಷಿಗಳನ್ನು ಕರೆದು ಸಹಿ ಹಾಕಿ.